ಐದೂವರೆ ಮನೆ

ಮೊದಲ ಭೇಟಿಯಲ್ಲೇ ಅವನು ಬೈಸಿಕೊಂಡಿದ್ದ. ತಂಡಕ್ಕೆ ಹೊಸದಾಗಿ ಬಂದ ಕೀಬೋರ್ಡಿನವನು, ವೈರು ಜೋಡಿಸುತ್ತಾ ತಲೆ ಕೂಡ ಎತ್ತದೆ, "ನಿಮ್ಮ ಮನೆ ಯಾವುದು?" ಅಂದುಬಿಟ್ಟ.

ಗಾಯಕಿಗೆ ಮೈಯೆಲ್ಲ ಉರಿದುಹೋಯಿತು. "ಯಾಕೆ, ಬಿಟ್ಟು ಬರ್ತೀರಾ?"

"ಅಯ್ಯೋ, ಶ್ರುತಿಯ ಮನೆ ಮೇಡಂ! ಎಷ್ಟನೇ ಮನೆಯಲ್ಲಿ ಹಾಡ್ತೀರಿ ಅಂತ ಕೇಳಿದೆ."

ಅವನ ಎರಡೂ ಕಿವಿ ಕೆಂಪಾಗಿದ್ದವು. ಅವಳು ನಗು ತಡೆದುಕೊಂಡು, "ಐದೂವರೆ," ಅಂದಳು. ಡ್ರಮ್ಮಿನ ಅಣ್ಣ ಆ ಕತೆಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ನಕ್ಕ.

ತಂಡ ಅಂದರೆ ಈ ಮೂರೇ ಜನ. ಮಿಕ್ಕ ವಾದ್ಯಗಳೆಲ್ಲ ಅವನ ಕೀಬೋರ್ಡ್ ವರ್ಕ್‌ಸ್ಟೇಷನ್ನಿನ ಹೊಟ್ಟೆಯಲ್ಲಿದ್ದವು. ಎಡಗೈಗೆ ಬೇಸ್, ಬಲಗೈಗೆ ವಯಲಿನ್, ಬಟನ್ ಒತ್ತಿದರೆ ಕೊಳಲು. ಕೊಳಲು ಶುರುವಾಗುವ ಮುಂಚೆ ಪ್ರತಿ ಸಲ ಅವಳತ್ತ ಒಮ್ಮೆ ನೋಡುತ್ತಿದ್ದ. ಆ ನೋಟಕ್ಕೆ ಅವಳು ಸಾಲು ಮರೆತದ್ದೂ ಉಂಟು.

ಎಲ್ಲ ಚೆನ್ನಾಗಿದೆ ಅನ್ನುವಾಗಲೇ ಗಂಟಲು ಕೈಕೊಟ್ಟಿತು. ಆಪರೇಷನ್ ಆಯಿತು. ತಿಂಗಳುಗಟ್ಟಲೆ ಮಾತೇ ಆಡಬಾರದು ಅಂದರು ಡಾಕ್ಟರು. ಹಾಡಿಲ್ಲದಿದ್ದರೆ ತಾನು ಯಾರು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ, ಪಾಪ, ಕಂಗಾಲಾಗಿಹೋದಳು.

ಮತ್ತೆ ಸ್ಟೇಜ್ ಹತ್ತಿದ ದಿನ ನೇರ ಅವನ ಬಳಿ ಹೋದಳು. "ಐದೂವರೆನೇ ಇರಲಿ. ಅಯ್ಯೋ ಪಾಪ ಅಂತ ಅರ್ಧ ಮನೆ ಇಳಿಸಿದ್ರೂ ನಾನು ಸುಮ್ನಿರಲ್ಲ."

"ಸರಿ ಮೇಡಂ."

ಇವತ್ತು ಸ್ವರ ಒಡೆದರೆ ಇನ್ನು ಮೈಕ್ ಮುಟ್ಟುವುದಿಲ್ಲ ಅಂತ ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದಳು. ಹಾಡುತ್ತಾ ಕಣ್ಣಂಚಲ್ಲಿ ನೋಡಿದಳು. ಅವನ ಬೆರಳುಗಳು ಎಂದಿನ ಕೀಗಳ ಮೇಲೇ ಇದ್ದವು. ಸ್ವರ ಬೆಣ್ಣೆಯ ಹಾಗೆ ಬಂತು. ಅಬ್ಬಾ, ಬದುಕಿಕೊಂಡೆ ಅಂದುಕೊಂಡಳು.

ಆಮೇಲೆ ಎಷ್ಟೋ ಕಾರ್ಯಕ್ರಮಗಳಾದವು. ಆವತ್ತಿನ ಹಾಡನ್ನೇ ನೀಟಾಗಿ ರೆಕಾರ್ಡ್ ಮಾಡೋಣ ಅಂತ ಒಂದು ಭಾನುವಾರ ಅವನ ಮನೆಗೆ ಹೋದಳು. ಹೊರಗಿನ ಸದ್ದು ಬರದಂತೆ ಕಿಟಕಿಗೆ ರಜಾಯಿ ನೇತುಹಾಕಿದ್ದ. ಅವಳು ಹಾಡು ಮುಗಿಸುವುದಕ್ಕೂ ಅಡುಗೆಮನೆಯಲ್ಲಿ ಮಿಕ್ಸಿ ಗುರ್ರೆನ್ನುವುದಕ್ಕೂ ಸರಿಹೋಯಿತು.

"ಅಮ್ಮಾ, ರೆಕಾರ್ಡಿಂಗು!"

"ನಿನ್ನ ರೆಕಾರ್ಡಿಂಗು ಹೊಟ್ಟೆ ತುಂಬಿಸುತ್ತೇನೋ?"

ಅವನು ಒಳಗೆ ಓಡಿದ. ಅವಳು ಸುಮ್ಮನೆ ಕೂರಲಾರದೆ, ಆವತ್ತು ಸ್ಟೇಜಿನಲ್ಲಿ ಹಾಡಿದ್ದರ ವಿಡಿಯೋವನ್ನು ತನ್ನ ಫೋನಿನಲ್ಲಿ ಹಾಕಿದಳು. ಜೊತೆಗೆ ಗುನುಗಿದಳು. ಈಗ ಹಾಡಿದ್ದಕ್ಕಿಂತ ಏನೋ ತಗ್ಗಿತ್ತು. ಕೀಬೋರ್ಡಿನ ಮೇಲೆ ಒಂದೊಂದೇ ಕೀ ಒತ್ತುತ್ತಾ ಹುಡುಕಿದಳು. ಐದೂವರೆ ಅಲ್ಲ, ಐದೂ ಅಲ್ಲ. ನಾಲ್ಕು!

ಅವನು ಬಾಗಿಲಲ್ಲೇ ನಿಂತುಬಿಟ್ಟ.

"ನನಗೆ ಸುಳ್ಳು ಹೇಳಿದ್ರಾ?"

"ಸುಳ್ಳಲ್ಲ ಮೇಡಂ, ಟ್ರಾನ್ಸ್‌ಪೋಸ್." ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಬಟನ್ ತೋರಿಸಿದ. "ಇದನ್ನ ಒತ್ತಿದ್ರೆ ಕೀ ಅದೇ, ಸ್ವರ ಮಾತ್ರ ಕೆಳಗೆ. ಆಮೇಲೆ ನಿಮ್ಮ ಗಂಟಲು ತಡೆದುಕೊಂಡ ಹಾಗೆ ಒಂದೊಂದೇ ಅರ್ಧ ಏರಿಸ್ತಾ ಬಂದೆ. ಕೇಳಿದ್ರೆ ನೀವು ಒಪ್ತಿರಲಿಲ್ಲ."

"ಇವತ್ತು ಎಷ್ಟು ಇಳಿಸಿದ್ರಿ?"

"ನೀವೇ ನೋಡಿ."

ಸ್ಕ್ರೀನಿನಲ್ಲಿ ಸೊನ್ನೆ ಇತ್ತು. ಈಗ ತಾನೇ ಹಾಡಿದ್ದು ಅವಳದೇ ಐದೂವರೆಯಲ್ಲಿ.

ಬೈಯಬೇಕು ಅಂತ ಬಾಯಿ ತೆರೆದವಳಿಗೆ ಅಳು ಬಂತು. "ನನ್ನ ಗಂಟಲು ನನ್ನ ಕೈಬಿಡಲಿಲ್ಲ ಅಂತ ಬೀಗ್ತಿದ್ದೆ ಕಣ್ರೀ. ಕೈಬಿಡದೆ ಇದ್ದಿದ್ದು ನೀವು. ಈ ಋಣ ಹೇಗೆ ತೀರಿಸಲಿ?"

"ಋಣ ಏನು ಬಂತು? ನೀವು ಹಾಡ್ದೆ ಇದ್ದಾಗ ನನಗೆ ಕೊಳಲು ನುಡಿಸೋಕೇ ಮನಸ್ಸು ಬರ್ತಿರಲಿಲ್ಲ." ಹೇಳಿದ ಮೇಲೆ ಅವನ ಕಿವಿ ಮತ್ತೆ ಕೆಂಪಾದವು.

ಅವಳು ಕಣ್ಣೊರೆಸಿಕೊಂಡಳು. "ಮೊದಲನೇ ದಿನ ಏನೋ ಕೇಳಿದ್ರಲ್ಲ, ಅದನ್ನ ಇನ್ನೊಂದು ಸಲ ಕೇಳಿ."

"ಬೈತೀರಿ."

"ಕೇಳ್ರೀ ಅಂದ್ರೆ!"

"ನಿಮ್ಮ... ಮನೆ ಯಾವುದು?"

"ಇದೇ," ಅಂದಳು.

ಒಳಗೆ ಮಿಕ್ಸಿ ಮತ್ತೆ ಶುರುವಾಯಿತು. ಆಗಲೇ ಅವನಿಗೆ ರೆಕಾರ್ಡಿಂಗಿನ ಕೆಂಪು ದೀಪ ಇನ್ನೂ ಉರಿಯುತ್ತಿರುವುದು ಕಂಡಿದ್ದು. ಆರಿಸಲು ಚಾಚಿದ ಕೈಯನ್ನು ಅವಳು ಹಿಡಿದುಕೊಂಡಳು.

"ಇರಲಿ ಬಿಡಿ, ಸಾಕ್ಷಿಗೆ. ನಾಳೆ ನೀವು ಇದನ್ನೂ ಟ್ರಾನ್ಸ್‌ಪೋಸ್ ಮಾಡಿಬಿಟ್ರೆ?"