ಮೇಲಕ್ಕೆ ಕಳಿಸುವ ಅಳಿಯ

“ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ... ಇವತ್ತೊಂದಿನ ಬಾಯಿ ಬಿಗಿಹಿಡಿ! ಕೇಳಿದ್ದಕ್ಕಷ್ಟೇ ಉತ್ತರ ಕೊಡು.”

ಅತ್ತು ಅತ್ತು ಮಗಳ ಕಣ್ಣು ಊದಿಕೊಂಡಿತ್ತು. ಲಿಫ್ಟ್ ಮೆಕ್ಯಾನಿಕ್ ಆದ ಅವಳ ಗಂಡ ಪರದೇಶದ ಜೈಲಿನಲ್ಲಿದ್ದ. ಅಲ್ಲಿನ ಸರ್ಕಾರಿ ಕಟ್ಟಡಕ್ಕೆ ಹೊಸ ಲಿಫ್ಟ್ ಕೂರಿಸಿ, ಉದ್ಘಾಟನೆಯ ಹಿಂದಿನ ದಿನ ಹೆಂಡತಿಗೆ ಫೋನು ಮಾಡಿ ಹಿಗ್ಗಿನಿಂದ ಹೇಳಿದ್ದ: “ನಾಳೆ ಇವರ ಮಂತ್ರಿನ ಒಂದ್ಸಲ ಮೇಲಕ್ಕೆ ಕಳಿಸಿಬಿಟ್ರೆ ನನ್ನ ಕೆಲಸ ಮುಗೀತು ಕಣೆ!” ಪಕ್ಕದಲ್ಲಿದ್ದ ಕಾವಲುಗಾರನಿಗೆ ನಮ್ಮ ಮಾತು ಅರೆಬರೆ ಬರುತ್ತಿತ್ತು. ಮೇಲಕ್ಕೆ ಕಳಿಸುವುದೆಂದರೆ ಪರಲೋಕಕ್ಕೆ ಎಂದು ಅವನು ಬಲ್ಲ; ಲಿಫ್ಟಿನಲ್ಲೂ ಕಳಿಸಬಹುದೆಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ!

ನಮ್ಮ ರಾಯಭಾರಿ ಜೈಲಿಗೆ ಹೋಗಿ ಅವನನ್ನು ಕಂಡು ಧೈರ್ಯ ಹೇಳಿದರು. ಆ ಮಂತ್ರಿಯ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸುಸ್ತಾದರು, ಲಿಫ್ಟಿಗೆ ಬೀಗ ಬಿದ್ದಿತ್ತಲ್ಲ! ಕೊನೆಗೆ ಆ ಕಡೆಯವರು ಒಂದಕ್ಕೆ ಒಪ್ಪಿದರು. ಮನೆಯ ಹಿರಿಯರು ವಿಡಿಯೊ ಕಾಲಿನಲ್ಲಿ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕು. ನಂಬಿಕೆ ಬಂದರೆ ಬಿಡುಗಡೆ. ಬಾರದಿದ್ದರೆ ವಿಚಾರಣೆ, ಎಷ್ಟು ವರ್ಷವೋ ದೇವರೇ ಬಲ್ಲ... ಮನೆಯ ಹಿರಿಯರೆಂದರೆ ಅತ್ತೆ. ಲಿಫ್ಟಿನ ಹಗ್ಗ ಕಟ್ಟುವವನೆಂದು ಅಳಿಯನನ್ನು ‘ಹಗ್ಗದಯ್ಯ’ ಎಂದಲ್ಲದೆ ಕರೆಯದ ಅತ್ತೆ!

ವಿದೇಶಾಂಗ ಇಲಾಖೆಯಿಂದ ಬಂದಿದ್ದ ಅಧಿಕಾರಿಣಿ ಫೋನು ಹಿಡಿದು ಎದುರು ಕೂತರು. ಪರದೆಯ ಮೇಲೆ ತನಿಖಾಧಿಕಾರಿ, ದುಭಾಷಿ, ಪಕ್ಕದಲ್ಲಿ ನಮ್ಮ ರಾಯಭಾರಿ.

“ಅಮ್ಮ, ನಿಮ್ಮ ಅಳಿಯ ಈ ಮಾತನ್ನು ಮೊದಲೂ ಆಡಿದ್ದುಂಟೇ?” ಎಂದ ದುಭಾಷಿ.

“ಆಡಿದ್ದುಂಟೇ ಅಂತೀರಾ! ಬೆಳಗಾದ್ರೆ ಅದೇ. ‘ಬನ್ನಿ ಅತ್ತೆ, ನಿಮ್ಮನ್ನ ಮೇಲಕ್ಕೆ ಕಳಿಸ್ತೀನಿ’ ಅಂತಾನೆ. ನಾನೆಲ್ಲಿ ಸಿಗ್ತೀನಿ? ತಪ್ಪಿಸ್ಕೊಂಡು ಓಡ್ತೀನಿ!”

ತನಿಖಾಧಿಕಾರಿಯ ಹುಬ್ಬು ಗಂಟಿಕ್ಕಿತು. ರಾಯಭಾರಿ ಬೆವರು ಒರೆಸಿಕೊಂಡರು. ಮಗಳು ಹಣೆ ಚಚ್ಚಿಕೊಂಡಳು.

“ನನ್ನ ಸಂಸಾರಾನ ನಿನ್ನ ನಾಲಿಗೆನೇ ನುಂಗಿಬಿಡ್ತಲ್ಲಮ್ಮ!...”

ತಾನಾಡಿದ ಮಾತಿನ ಅರ್ಥ ಅತ್ತೆಗೆ ಆಗ ಹೊಳೆಯಿತು. ಅವಳು ಓಡುತ್ತಿದ್ದುದು ಅಳಿಯನಿಂದಲ್ಲ, ಆ ಲಿಫ್ಟಿನ ಪೆಟ್ಟಿಗೆಯಿಂದ! ಮಂಡಿ ಉರಿದರೂ ತರಕಾರಿ ಚೀಲ ಹೊತ್ತು ಮೆಟ್ಟಿಲನ್ನೇ ಹತ್ತುತ್ತಿದ್ದಳು. ಹೆದರಿಕೆ ಹೊರಗೆ ಕಾಣದಿರಲೆಂದು ಅವನನ್ನೇ ಹಂಗಿಸುತ್ತಿದ್ದಳು. ಅಷ್ಟೇ... ಅಷ್ಟೇ ಆಗಿತ್ತು.

“ಏ ತಾಳಿ, ಫೋನಿಡಬೇಡಿ!”

ಅಧಿಕಾರಿಣಿಯ ಕೈಯಿಂದ ಫೋನು ಕಸಿದುಕೊಂಡು ಬರಿಗಾಲಲ್ಲೇ ಹೊರಗೋಡಿದಳು. ಕಾರಿಡಾರಿನ ತುದಿಯಲ್ಲಿ ಅಳಿಯನೇ ಕೂರಿಸಿದ್ದ ಲಿಫ್ಟು. ಬಾಗಿಲು ತೆರೆಯಿತು. “ಅವನು ಕೂರಿಸಿದ್ದು... ಬೀಳಲ್ಲ,” ಎಂದು ತನಗೇ ಹೇಳಿಕೊಂಡಳು. ಅಳಿಯನ ಬಗ್ಗೆ ಆ ಬಾಯಿಂದ ಹೊರಟ ಮೊದಲ ಒಳ್ಳೆಯ ಮಾತದು! “ನೋಡಪ್ಪ, ನಾನೀಗ ಮೇಲಕ್ಕೆ ಹೋಗ್ತಿದೀನಿ!”

ಬಾಗಿಲು ಮುಚ್ಚಿತು. ಸಿಗ್ನಲ್ ಹೋಯಿತು. ಅಲ್ಲಿ ಪರದೆ ಕಪ್ಪಾಯಿತು. ಇಲ್ಲಿ ಮಗಳು, ಅಧಿಕಾರಿಣಿ ಮೆಟ್ಟಿಲು ಹತ್ತಿ ಓಡಿದರು.

ಮೇಲಿನ ಮಹಡಿಯಲ್ಲಿ ಬಾಗಿಲು ತೆರೆದಾಗ, ಬೆವೆತ, ಕೂದಲು ಕೆದರಿದ ಮುಖವೊಂದು ಪರದೆಯ ತುಂಬ ಮೂಡಿತು.

“ಬಂದೆ! ಮೇಲೆ ಬಂದೆ! ಸತ್ತಿದೀನಾ? ನೋಡಿ, ಮಾತಾಡ್ತಿದೀನಿ! ನಮ್ಮ ಹಗ್ಗದಯ್ಯ ಜನಾನ ಕಳಿಸೋದು ಇಷ್ಟೇ ಮೇಲಕ್ಕೆ!”

“ನೀನು ಸತ್ರೂ ಮಾತಾಡ್ತೀಯ ಬಿಡಮ್ಮ!” ಏದುಸಿರು ಬಿಡುತ್ತಾ ಮಗಳು ಅಳುತ್ತಲೇ ನಕ್ಕಳು. ಅತ್ತ ದುಭಾಷಿ ಅರ್ಥ ಹೇಳುವ ಮೊದಲೇ ನಗತೊಡಗಿದ್ದ. ಅರ್ಥ ತಿಳಿದ ಮೇಲೆ ತನಿಖಾಧಿಕಾರಿಗೂ ನಗು ತಡೆಯಲಾಗಲಿಲ್ಲ.

ಮುಂದಿನ ವಾರ ಅಳಿಯ ಬಿಡುಗಡೆಯಾಗಿ ಸೂಟ್‌ಕೇಸು ಹಿಡಿದು ಬಂದಿಳಿದಾಗ, ಅತ್ತೆ ತರಕಾರಿ ಚೀಲದೊಂದಿಗೆ ಕೆಳಗೆ ಲಿಫ್ಟಿನೆದುರೇ ಕಾದಿದ್ದಳು.

“ಬಂದ್ಯಾ ಹಗ್ಗದಯ್ಯ... ಎಷ್ಟು ಸೊರಗಿದೀಯೋ!”

ಅವನು ಚೀಲ ಇಸಿದುಕೊಂಡ. “ಬನ್ನಿ ಅತ್ತೆ, ನಿಮ್ಮನ್ನ ಮೇ...” ಥಟ್ಟನೆ ನಾಲಿಗೆ ಕಚ್ಚಿಕೊಂಡು ಸುತ್ತ ನೋಡಿದ. “...ಹತ್ತಿಸ್ತೀನಿ.”

“ಅಯ್ಯೋ, ಬೆಂಕಿ ಹತ್ತಿಸ್ತಾನೆ ಅಂದ್ಕೊಂಡಾರು! ಬಾಯಿ ಮುಚ್ಕೊಂಡು ಗುಂಡಿ ಒತ್ತು.”

ಅವನು ಒತ್ತಿದ. ಪೆಟ್ಟಿಗೆ ಅಲುಗಿದ್ದೇ ತಡ, ಅತ್ತೆ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮನೆಯ ಮಹಡಿ ಬಂದು ಬಾಗಿಲು ತೆರೆದರೂ ಬಿಡಲಿಲ್ಲ.