ವಾಯುವೀರನ ಎಡಗೈ

ಗೊಂಬೆಯ ಬೆನ್ನಿನ ಮುಚ್ಚಳ ತೆಗೆದಾಗ ಒಳಗೆ ಬ್ಯಾಟರಿ ಇರಲಿಲ್ಲ. ಹತ್ತಿಯಲ್ಲಿ ಸುತ್ತಿದ ಒಂದು ಹಲ್ಲಿತ್ತು.

ಸವಳಂಗ ರಸ್ತೆಯ ದಂತವೈದ್ಯ ಜ್ಞಾನೇಶ್ ಅದನ್ನು ಭೂತಗನ್ನಡಿಯಲ್ಲಿ ಎರಡು ಸಲ ನೋಡಿದರು. ಮಗುವಿನ ಹಾಲುಹಲ್ಲು. ಯಾಕೋ ಮನಸ್ಸು ತಡೆಯಲಿಲ್ಲ, ಫೋನ್ ಎತ್ತಿಕೊಂಡರು. ಅರ್ಧ ಗಂಟೆಯಲ್ಲಿ ಇನ್‌ಸ್ಪೆಕ್ಟರ್ ವೆಂಕಟಾಚಲ ಕ್ಲಿನಿಕ್ಕಿನಲ್ಲಿದ್ದರು.

ಹಿಂದಿನ ಕೋಣೆಯ ಗಾಜಿನ ಕಪಾಟಿನ ತುಂಬ ಸೂಪರ್‌ಹೀರೋ ಗೊಂಬೆಗಳು. ಅವನ್ನು ಕೂಡಿಡುವುದು ಜ್ಞಾನೇಶರ ಹುಚ್ಚು. ಊರಿನಲ್ಲಿ ಯಾರ ಮನೆಯಲ್ಲಿ ಹಳೆಯ ಗೊಂಬೆ ಸಿಕ್ಕರೂ ಅದರ ಬೆಲೆ ಕೇಳಲು ಇಲ್ಲಿಗೇ ತರುತ್ತಿದ್ದರು.

"ಇದು ವಾಯುವೀರ ಸಾರ್. ತೊಂಬತ್ನಾಲ್ಕರಲ್ಲಿ ಬಂದಿದ್ದು. ಹದಿನಾಲ್ಕು ಕೀಲು, ಹೇಗೆ ಬೇಕಾದ್ರೂ ನಿಲ್ಲಿಸಬಹುದು. ಈಗ ಸಿಗೋದೇ ಇಲ್ಲ. ಆದ್ರೆ ನೋಡಿ, ಎಡ ಮೊಣಕೈ ರಿಪೇರಿ ಆಗಿದೆ. ಪ್ಲಾಸ್ಟಿಕ್ ಜಾಗದಲ್ಲಿ ಸ್ಟೀಲ್ ಪಿನ್. ಅಲ್ಲಿಗೆ ಅರ್ಧ ಬೆಲೆ ಹೋಯ್ತು."

ವೆಂಕಟಾಚಲ ಗೊಂಬೆಯ ಎಡಗೈಯನ್ನು ಮಡಿಸಿದರು, ಬಿಡಿಸಿದರು. ಹನ್ನೆರಡು ವರ್ಷದ ಹಿಂದೆ, ತೊಂಬತ್ತೈದರಲ್ಲಿ, ತಾವೇ ಬರೆದುಕೊಂಡಿದ್ದ ದೂರು ನೆನಪಾಯಿತು. ಕಾಣೆಯಾದ ಹುಡುಗಿ ಕವನ. ಎಂಟು ವರ್ಷ. ಭದ್ರಾವತಿ ನ್ಯೂ ಟೌನ್. ಕೈಯಲ್ಲಿ ಗೊಂಬೆ; ಅದರ ಎಡ ಮೊಣಕೈಗೆ ಸ್ಟೀಲ್ ಪಿನ್.

"ಇದನ್ನ ಯಾರು ತಂದಿದ್ದು?"

"ರವೀಂದ್ರನಗರದ ಉಮಾಮಹೇಶ್ವರಿ. ಕಂಟ್ರಾಕ್ಟರ್ ಚಂದ್ರಶೇಖರಪ್ಪನವರ ಸೊಸೆ. ಮನೆ ಟ್ರಂಕಲ್ಲಿ ಸಿಕ್ತಂತೆ."

* * *

ಕವನಳ ಅಪ್ಪ ಪುಟ್ಟಯ್ಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಹೆಂಡತಿ ತೀರಿಹೋಗಿದ್ದಳು. ನ್ಯೂ ಟೌನಿನ ಒಂದೇ ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದ. ಗೊಂಬೆಯನ್ನು ಕಂಡವನೇ ಹೆಬ್ಬೆರಳಿನಿಂದ ಮೊಣಕೈ ಸವರಿದ.

"ಹುಟ್ಟುಹಬ್ಬಕ್ಕೆ ತಂದಿದ್ದೆ ಸಾರ್. ಮೊದಲ್ನೇ ದಿನಾನೇ ಅದರ ಕೈ ಮುರಿದ್ಲು. ನಾನೇ ಲೇತ್ ಮೇಲೆ ಪಿನ್ ಮಾಡ್ಕೊಂಡ್ ಬಂದೆ. ಆಮೇಲೆ ಹದಿನೈದು ದಿನ ಆಡಿದ್ಲು, ಅಷ್ಟೇ."

"ಒಳಗೆ ಒಂದು ಹಲ್ಲಿತ್ತು."

"ಹೆಂಚಿನ ಮೇಲೆ ಎಸಿ ಅಂದಿದ್ದೆ. ಬೇಡ, ವಾಯುವೀರ ಕಾಯ್ತಾನೆ ಅಂದ್ಲು." ಪುಟ್ಟಯ್ಯ ತಲೆಯೆತ್ತಿದ. "ಸಿದ್ದಯ್ಯನ ಮನೇಲಿ ಸಿಕ್ತಾ ಸಾರ್?"

ವೆಂಕಟಾಚಲ ಗೊಂಬೆಯನ್ನು ವಾಪಸ್ ತೆಗೆದುಕೊಂಡರು.

ಸಿದ್ದಯ್ಯ ಶಾಲೆಯ ಮುಂದೆ ಕಡ್ಲೆಕಾಯಿ ಮಾರುತ್ತಿದ್ದವನು. ಆ ಸಂಜೆ ಹುಡುಗಿ ಕೊನೆಗೆ ಮಾತಾಡಿದ್ದು ಅವನ ಜೊತೆ. ಆಗಿನ್ನೂ ಹೊಸ ಸಬ್ ಇನ್‌ಸ್ಪೆಕ್ಟರ್ ಆಗಿದ್ದ ವೆಂಕಟಾಚಲ ಅವನನ್ನು ಮೂರು ದಿನ ಠಾಣೆಯಲ್ಲಿ ಹೊಡೆದರು. ಅವನು ಏನನ್ನೂ ಒಪ್ಪಲಿಲ್ಲ. ಸಾಕ್ಷಿ ಇರಲಿಲ್ಲ, ಬಿಟ್ಟರು. ಬೀದಿಯವರು ಗಾಡಿ ಉರುಳಿಸಿದರು. ಮೊದಲ ಕಲ್ಲು ಪುಟ್ಟಯ್ಯನದು. ತಿಂಗಳೊಪ್ಪತ್ತಿನಲ್ಲಿ ಸಿದ್ದಯ್ಯ ರೈಲಿಗೆ ತಲೆ ಕೊಟ್ಟ. ಅವನೇ ಮಾಡಿದ್ದು, ಅದಕ್ಕೇ ಸತ್ತ ಎಂದು ಊರು ತೀರ್ಮಾನಿಸಿತು. ವೆಂಕಟಾಚಲ ಕೂಡ.

* * *

"ಗೊಂಬೆನಾ? ಗುಜರಿಯವನ ಹತ್ರ ತಗೊಂಡಿದ್ದು," ಎಂದರು ಚಂದ್ರಶೇಖರಪ್ಪ. ಎಪ್ಪತ್ತಾರು ದಾಟಿತ್ತು. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ನಿಧಾನ. "ತೊಂಬತ್ತೊಂಬತ್ತರಲ್ಲಿ. ಮೊಮ್ಮಗ ನಾಲ್ಕು ವರ್ಷ ಅದರಲ್ಲೇ ಆಡಿದ."

"ಯಾವ ಗುಜರಿಯವನು?"

"ಭದ್ರಾವತಿ ಕಡೆಯವನು. ಈಗ ಇದ್ದಾನೋ ಇಲ್ವೋ."

ವೆಂಕಟಾಚಲರಿಗೆ ಎದೆ ಹಗುರವಾಯಿತು. ಸಿದ್ದಯ್ಯ ಗುಜರಿಗೆ ಹಾಕಿರಬೇಕು. ಹಾಗಾದರೆ ತಾನು ಹೊಡೆದದ್ದು ತಪ್ಪಲ್ಲ. ಈ ಮಾತು ನಿಜವಾಗಲಿ ಎಂದು ತಾನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಜೀಪು ಹತ್ತಿದ ಮೇಲೆ ಅವರಿಗೇ ಹೊಳೆಯಿತು. ನಾಚಿಕೆಯಾಯಿತು. ಜೀಪನ್ನು ಕ್ಲಿನಿಕ್ಕಿಗೆ ತಿರುಗಿಸಿದರು.

* * *

"ನಾಲ್ಕು ವರ್ಷ ಆಡಿದ್ರಾ?" ಜ್ಞಾನೇಶ್ ತಲೆಯಾಡಿಸಿದರು. "ಸಾಧ್ಯಾನೇ ಇಲ್ಲ ಸಾರ್. ಆಡಿದ ಗೊಂಬೇಲಿ ಮೊದಲು ಸೊಂಟ, ಮಂಡಿ ಸಡಿಲ ಆಗುತ್ತೆ. ಇದು ಒಂಟಿಕಾಲಲ್ಲಿ ನಿಲ್ಲುತ್ತೆ, ನೋಡಿ. ಬಣ್ಣಾನೂ ಮಾಸಿಲ್ಲ."

"ಮತ್ತೆ?"

"ಬೂಟು ನೋಡಿ. ಮೆತ್ತನೆ ರಬ್ಬರು. ಅದರ ಮೇಲೆ ನೇಯ್ಗೆ ಗುರುತು ಬಿದ್ದಿದೆ. ದಪ್ಪ ಬಟ್ಟೇಲಿ ಬಿಗಿಯಾಗಿ ಸುತ್ತಿ, ಹತ್ತು ವರ್ಷಕ್ಕೂ ಮೇಲೆ ಅಲುಗಾಡಿಸದೆ ಇಟ್ಟಿದ್ದಾರೆ."

ಉಮಾಮಹೇಶ್ವರಿಗೆ ಫೋನ್ ಹೋಯಿತು. ಬಟ್ಟೆ ಇನ್ನೂ ಟ್ರಂಕಿನಲ್ಲೇ ಇತ್ತು. ಹಸಿರು ಕ್ಯಾನ್ವಾಸ್ ತುಂಡು. ಅಂಚಿನಲ್ಲಿ ಎರಡು ಹಿತ್ತಾಳೆ ಗುಂಡಿ. ಜೀಪಿಗೆ ಮೇಲೆ ಹೊದಿಸುವ ಹುಡ್ಡಿನದು.

ವೆಂಕಟಾಚಲ ಗುಂಡಿಗಳನ್ನು ಬೆರಳಿನಿಂದ ತಿರುಗಿಸಿ ನೋಡಿದರು. ಆ ಜೀಪು ಅವರಿಗೆ ಗೊತ್ತಿತ್ತು.

* * *

"ಮೊಮ್ಮಗ ಇದನ್ನ ಮುಟ್ಟೇ ಇಲ್ಲ ಯಜಮಾನ್ರೆ," ಎಂದರು ವೆಂಕಟಾಚಲ. "ಕೀಲು ಸಡಿಲ ಆಗಿಲ್ಲ. ಹದಿನೈದು ದಿನ ಆಡಿದ್ದು ಕವನ ಒಬ್ಬಳೇ. ಆಮೇಲೆ ಸುತ್ತಿಟ್ಟಿದ್ದು ಈ ಬಟ್ಟೇಲಿ. ಬೂಟಿನ ಮೇಲೆ ಇದರದೇ ನೇಯ್ಗೆ ಇದೆ. ಇದು ನಿಮ್ಮ ಜೀಪಿನ ಹುಡ್ಡು. ಹುಡುಗಿ ಕಾಣೆಯಾದ ತಿಂಗಳಲ್ಲೇ ಆ ಜೀಪು ಮಾರಿದ್ರಿ. ಅಂದ್ಮೇಲೆ ತೊಂಬತ್ತೊಂಬತ್ತರಲ್ಲಿ ಸಿಕ್ಕಿದ ಗೊಂಬೆಗೆ ಈ ಬಟ್ಟೆ ಎಲ್ಲಿಂದ ಬಂತು?"

ಚಂದ್ರಶೇಖರಪ್ಪ ಅಂಗೈ ನೋಡಿಕೊಂಡರು. ಬಾಗಿಲ ಬಳಿ ನಿಂತಿದ್ದ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಆಗ ಭದ್ರಾವತಿಯಲ್ಲೇ ನನ್ನ ಕೆಲಸ. ಸಂಜೆ ಶಾಲೆ ಹತ್ರ ರಿವರ್ಸ್ ತಗೋತಿದ್ದೆ. ಹಿಂದೆ ಹುಡುಗಿ ಇದ್ದದ್ದು ಕಾಣಲಿಲ್ಲ. ಎತ್ತಿ ಜೀಪಿಗೆ ಹಾಕ್ಕೊಂಡೆ. ಉಸಿರಿತ್ತು. ಆಸ್ಪತ್ರೆಗೆ ಅಂತಲೇ ಹೊರಟೆ. ಅವತ್ತು ಕುಡಿದಿದ್ದೆ. ಸರ್ಕಲ್ಲಲ್ಲಿ ಆಸ್ಪತ್ರೆ ಎಡಕ್ಕಿತ್ತು. ನಾನು ಬಲಕ್ಕೆ ತಿರುಗಿಸಿದೆ. ತುಂಬಿ ಹರಿಯೋ ಚಾನಲ್ ಕಡೆಗೆ."

"ಉಸಿರು ಇದ್ದಾಗಲೇ?"

ಮುದುಕರು ಹಣೆಯ ವಿಭೂತಿ ಒರೆಸಿಕೊಂಡರು.

"ಮಾರನೇ ದಿನ ಹುಡುಕೋಕೆ ಜೀಪು ಬೇಕು ಅಂತ ಬಂದ್ರಿ. ಕೊಟ್ಟೆ. ಎರಡು ದಿನ ನೀವೇ ಮುಂದಿನ ಸೀಟಲ್ಲಿ ಕೂತಿದ್ರಿ. ಜೀಪು ಮಾರೋವಾಗ ಆ ಸೀಟಿನ ಕೆಳಗೇ ಈ ಗೊಂಬೆ ಸಿಕ್ತು. ಎಸೆಯೋಕೆ ಕೈ ಬರಲಿಲ್ಲ ಸಾರ್."

* * *

ಸರ್ಕಾರಿ ವಕೀಲರು ಫೈಲು ಮುಚ್ಚಿದರು. ಹೆಣ ಇಲ್ಲ, ಜೀಪು ಇಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸೊಸೆಯೂ ತಾನು ಏನೂ ಕೇಳಿಸಿಕೊಂಡಿಲ್ಲ ಎಂದಳು. ಅಷ್ಟರಲ್ಲಿ ಮಗ ಅಪ್ಪನನ್ನು ನರ್ಸಿಂಗ್ ಹೋಮಿಗೆ ಸೇರಿಸಿ, ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿಸಿದ್ದ.

ಪುಟ್ಟಯ್ಯನಿಗೆ ವೆಂಕಟಾಚಲ ಎಲ್ಲವನ್ನೂ ಹೇಳಿದರು, ಬಲಕ್ಕೆ ತಿರುಗಿದ್ದನ್ನೂ. ಪುಟ್ಟಯ್ಯ ಗೋಡೆಗೆ ಒರಗಿ ಕೂತ. ಅಳಲಿಲ್ಲ. ಕೊನೆಗೆ ಕೇಳಿದ:

"ಸಿದ್ದಯ್ಯನ ಹೆಂಡ್ತಿ ಹಾಲಮ್ಮಂಗೆ ಹೇಳಿದ್ರಾ?"

"ಇಲ್ಲ."

"ನಡೀರಿ. ನಾನೂ ಬರ್ತೀನಿ."

ಸುಡು ಮಧ್ಯಾಹ್ನ. ರೈಲು ಹಳಿಯಾಚೆಯ ಸಾಲುಮನೆಗಳವರೆಗೆ ಇಬ್ಬರೂ ನಡೆದರು. ಮೂರನೆಯ ಬಾಗಿಲು ಬಡಿದರೆ ಕೈಯಲ್ಲಿ ಸೌಟು ಹಿಡಿದ ಬೇರೆ ಯಾರೋ ಹೆಂಗಸು ಇಣುಕಿದಳು.

"ಹಾಲಮ್ಮನಾ? ತೀರ್ಕೊಂಡು ನಾಲ್ಕು ವರ್ಷ ಆಯ್ತಲ್ಲ ಸಾರ್."

"ಮಕ್ಕಳು?"

"ಯಾರೂ ಇರಲಿಲ್ಲ. ಏನಾಗ್ಬೇಕಿತ್ತು?"

ವೆಂಕಟಾಚಲ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಪುಟ್ಟಯ್ಯ ನೆಲ ನೋಡುತ್ತ ನಿಂತಿದ್ದ.

"ಸಿದ್ದಯ್ಯ ಏನೂ ಮಾಡಿರಲಿಲ್ಲಮ್ಮ," ಎಂದರು. "ಅದನ್ನ ಹೇಳೋಕೆ ಬಂದ್ವಿ."

ಹೆಂಗಸು ಇಬ್ಬರ ಮುಖವನ್ನೂ ನೋಡಿದಳು. ಒಳಗೆ ಸಾರು ಉಕ್ಕುತ್ತಿತ್ತು.

"ಸಿದ್ದಯ್ಯ ಅಂದ್ರೆ ಯಾರು ಸಾರ್?" ಎಂದಳು.