ದಪ್ಪ ತುಂಡುಗಳ ಕಳ್ಳ

೧೯೮೪ರ ಮಾರ್ಚ್ ೧೨, ಸೋಮವಾರ ಮಧ್ಯಾಹ್ನ ಯಶವಂತಪುರ ಠಾಣೆಗೆ ಬಂದ ಶರಣವ್ವ ಕುರ್ಚಿ ತೋರಿಸಿದರೂ ಕೂರಲಿಲ್ಲ. ವಿಜಾಪುರದ ಕಡೆಯವಳು. ಹೆಲ್ಮೆಟ್ಟಿಗೆಂದು ಎರಡು ಪ್ಲಾಸ್ಟಿಕ್ ಬೆರೆಸಿ ಹೊಸ ಮಿಶ್ರಣ ಮಾಡಿದ್ದ ಕಾರ್ಖಾನೆಯ ಪರೀಕ್ಷಕಿ.

"ಪರೀಕ್ಷಾಕ್ಕಂತ ಮಾಡಿಟ್ಟಿದ್ದ ನನ್ನ ತುಂಡು ಕದ್ದು, ಆ ಜಾಗಾದಾಗ ದಪ್ಪನ್ವು ಇಟ್ಟಾರ್ರಿ. ಇವತ್ತ ಮುಂಜಾನೆ ಖರೀದಿದಾರರ ಮುಂದ ಎಲ್ಲಾ ಪಟಪಟ ಮುರದು ಬಿದ್ವು. ಸಂಜಿತನಕ ಅವರು ಇರ್ತಾರ, ಅಷ್ಟ್ರಾಗ ಹುಡುಕಿಕೊಡ್ರಿ. ಇಲ್ಲಾಂದ್ರ ಈ ಮಿಶ್ರಣಾನೂ ಇಲ್ಲ, ನನ್ನ ಕೆಲಸಾನೂ ಇಲ್ಲ."

ಸಬ್ ಇನ್ಸ್‌ಪೆಕ್ಟರ್ ಲಕ್ಕಣ್ಣ ಹುಬ್ಬೇರಿಸಿದರು. "ದಪ್ಪ ಇದ್ರೆ ಗಟ್ಟಿ ಅಲ್ವೇನಮ್ಮ?"

"ಎಲ್ಲಾರೂ ಹಂಗ ಅಂತಾರ್ರಿ. ತೆಳ್ಳಂದು ಬಿರುಕಿನ ತುದ್ಯಾಗ ಹಿಗ್ಗಿ ಪೆಟ್ಟು ನುಂಗ್ತದ. ದಪ್ಪಂದಕ್ಕ ಒಳಗ ಹಿಗ್ಗಾಕ ಎಡಿ ಇರಂಗಿಲ್ಲ, ಸೀಳಿಬಿಡ್ತದ."

ಎಫ್‌ಐಆರ್ ದಾಖಲಾಯಿತು. ಜೀಪಿನಲ್ಲಿ ಲಕ್ಕಣ್ಣನವರ ತಲೆ ಓಡುತ್ತಿತ್ತು. ಈ ಮಾತು ಗೊತ್ತಿದ್ದು ಮಾಡಿದವನಾದರೆ ಹಗೆ, ಗೊತ್ತಿಲ್ಲದವನಾದರೆ?

ಕಾರ್ಖಾನೆಯಲ್ಲಿ ದಪ್ಪ ಹಲಗೆಯ ಅಚ್ಚಿನ ಅಂಚಿಗೆ ಅದೇ ಮಿಶ್ರಣದ ಚೂರುಗಳು ಅಂಟಿದ್ದವು.

"ನೆನ್ನೆ ಭಾನುವಾರ ರಜಾದಲ್ಲಿ ಯಾರು ಬಂದಿದ್ರು?"

"ಅಚ್ಚಿನ ಮಿಷನ್ ನಡ್ಸೋ ವೀರಬಸಪ್ಪ ಒಬ್ನೇ ಸಾ," ಎಂದ ಕಾವಲುಗಾರ ಚಿಕ್ಕಬೈರಪ್ಪ. "ನಗ್ತಾ ನಗ್ತಾ ವೊಂಟೋದ."

ಕಾನ್‌ಸ್ಟೇಬಲ್ ಮುಜಫ್ಫರ್ ಕಿವಿಯಲ್ಲಿ ಉಸುರಿದ: "ಸಾರ್, ಅವನು ಈ ಅಮ್ಮನ ಗಂಡ."

ವೀರಬಸಪ್ಪನನ್ನು ಕರೆಸಿದರು.

"ತುಂಡು ಎಲ್ಲಿ?"

"ಮನ್ಯಾಗ್ರಿ."

"ಯಾಕೆ ತಗೊಂಡೆ?"

"ತೋರಸ್ತೀನಿ ಬರ್ರಿ," ಎಂದು ಅವನು ಜೀಪಿನ ಕಡೆ ನಡೆದ.

ಪುಟ್ಟೇನಹಳ್ಳಿಯ ಮನೆಯಲ್ಲಿ ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಜೋಳದ ಡಬ್ಬಿಯ ಹಿಂದೆ ಆರು ತುಂಡುಗಳು, ಒಗೆದ ಧೋತರದಲ್ಲಿ ಕೂಸಿನಂತೆ ಸುತ್ತಿಟ್ಟಿದ್ದವು. ಲಕ್ಕಣ್ಣ ಎರಡನ್ನು ಜಪ್ತಿ ಮಾಡಿ, ಉಳಿದವನ್ನು ಶರಣವ್ವನಿಗೆ ಒಪ್ಪಿಸಿದರು.

ಸಂಜೆ ಪರೀಕ್ಷೆಯ ಸುತ್ತಿಗೆ ಬೀಳುವಾಗ ಲಕ್ಕಣ್ಣನವರೂ ಹತ್ತಿರ ಬಂದು ನಿಂತರು. ತುಂಡು ಬಾಗಿತು, ಬೆಳ್ಳಗಾಯಿತು, ಸೀಳಲಿಲ್ಲ. ಎರಡನೆಯದೂ ಹಾಗೆಯೇ. ಖರೀದಿದಾರರು ಚಪ್ಪಾಳೆ ತಟ್ಟಿದರು. ಮುಜಫ್ಫರ್ ಅವರಿಗಿಂತ ಜೋರಾಗಿ ತಟ್ಟಿದ.

ಆಮೇಲೆ ಬಂಧನ.

"ನಡೀರಿ, ಜಾಮೀನಿಗೆ ನಾನೂ ಬರ್ತೀನಿ," ಎಂದಳು ಶರಣವ್ವ, ಗಂಡನ ಕಡೆ ಕಣ್ಣು ಕೆಕ್ಕರಿಸಿ. ಮರುಕ್ಷಣವೇ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಠಾಣೆಯಲ್ಲಿ ವೀರಬಸಪ್ಪ ಹೇಳಿಕೆ ಕೊಟ್ಟ. "ಪರೀಕ್ಷಾದ ಚಿಂತ್ಯಾಗ ಎಂಟು ದಿನದಿಂದ ಇಕಿ ಸರಿಯಾಗಿ ಉಂಡಿಲ್ರಿ. ಹಪ್ಪಳದಂಗ ತೆಳ್ಳಗಿದ್ವು, ಮುರೀತಾವ ಅಂತ ದಪ್ಪ ಮಾಡಿಟ್ಟೆ. ಮುರಿದ ಮ್ಯಾಲ ಹೇಳಾಕ ಧೈರ್ಯ ಸಾಲಲಿಲ್ಲ."

ಎದುರು ಬೆಂಚಿನಲ್ಲಿ ಶರಣವ್ವ ಮುಜಫ್ಫರ್ ತರಿಸಿದ ಮೂರನೆಯ ಇಡ್ಲಿಗೆ ಕೈ ಹಾಕಿದ್ದಳು. ಲಕ್ಕಣ್ಣ ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಹೆಂಡತಿ ಊಟ ಮಾಡಲಿ ಎಂದು.